ಮೈಕಿನಿಂದ ಇಳಿದ ಕೋದಂಡರಾಮಪ್ಪ

ಮಗಳು ಹುಟ್ಟಿದ ಬೆಳಗ್ಗೆ ಗಂಗರತ್ನಮ್ಮ ಇನ್ನೂ ಹೆರಿಗೆಯ ಚಾಪೆಯ ಮೇಲಿದ್ದಳು. ಹಾಲಿನ ಡೇರಿಯ ಮೈಕಿನಲ್ಲಿ ಗಂಡನ ದನಿ ಗೋಡೆ ದಾಟಿ ಬಂತು: "ನಮ್ ಮನೇಲೂ ವಿರೋಧ ಪಕ್ಷ ಹುಟ್ಟೈತೆ. ಹೆಣ್ಣು." ಹಾಲಿಗೆ ನಿಂತ ಸಾಲು ಗೊಳ್ಳೆಂದು ನಕ್ಕಿತು. ಹನ್ನೊಂದು ದಿನ ಅವಳು ಕೋದಂಡರಾಮಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದ್ದೂ ಬೇಳೆ ಮುಗಿದಿದೆ ಎಂದು ಹೇಳುವುದಕ್ಕೆ.

ಗುಂಡ್ಲಕುಂಟೆ ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯ ಊರು. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ದನದ ಡಾಕ್ಟರು ಬರುವ ದಿನ ಸಾರುವುದಕ್ಕೆಂದು ಡೇರಿಯವರು ಮೈಕು ತಂದಿದ್ದರು. ಡಾಕ್ಟರು ತಿಂಗಳಿಗೊಮ್ಮೆ ಬರುತ್ತಿದ್ದ, ಮಿಕ್ಕ ದಿನಗಳಲ್ಲಿ ಮೈಕು ಕೋದಂಡರಾಮಪ್ಪನದು. ಮೊದಲ ಬಸ್ಸಿಗೆ ಬಂದ ಪೇಪರು ಹಿಡಿದು ಡೇರಿಯ ಮುಂದಿನ ಚಪ್ಪಡಿ ಹತ್ತುತ್ತಿದ್ದ. ಓದುವುದು ಐದು ನಿಮಿಷ, ಓದಿದ್ದರ ಮೇಲೆ ಬಯ್ಯುವುದು ಅರ್ಧ ಗಂಟೆ. "ಮಂತ್ರಿ ಬಂದು ಬೋರು ಕೊರೆಸ್ತೀನಂದ. ಕೊರೆದಿದ್ದು ನಮ್ ಕಿವಿ" ಎಂಬಂಥ ಮಾತು ಅವನ ಬಾಯಿಂದ ಬಿದ್ದರೆ ಅದು ಸಂಜೆಯೊಳಗೆ ನಾಲ್ಕು ಊರು ತಿರುಗಿ ಬರುತ್ತಿತ್ತು. ಹೀಗೆ ಒಂಬತ್ತು ವರ್ಷ. ಅಷ್ಟು ಹೊತ್ತು ಹಿಪ್ಪುನೇರಳೆ ಸೊಪ್ಪು ಕೊಯ್ಯುವವಳು, ಹಸುವಿಗೆ ಹುಲ್ಲು ಹಾಕುವವಳು ಗಂಗರತ್ನಮ್ಮ. ಊರವರು ನಗುವುದಕ್ಕೆ ಬೇಕಾದ ಬಿಡುವನ್ನೆಲ್ಲ ತನ್ನ ಸೊಂಟ ಕೊಟ್ಟಿದೆ ಎಂದು ಅವಳ ಲೆಕ್ಕ.

ಎಂಬತ್ತಾರರ ಡಿಸೆಂಬರಿನಲ್ಲಿ ಮಂಡಲ ಪಂಚಾಯಿತಿಯ ಚುನಾವಣೆಯ ಗಾಳಿ ಎದ್ದಿತು. ಡೇರಿಯ ಅಧ್ಯಕ್ಷ ಅಶ್ವತ್ಥಪ್ಪ ನಿಲ್ಲುವವನಾದ. ದೊಡ್ಡ ಮೈ, ಸಣ್ಣ ಮನಸ್ಸು. ನಮಸ್ಕಾರ ಹಾಕದೆ ಹೋದವರ ಹೆಸರು ಮರೆಯುತ್ತಿರಲಿಲ್ಲ. ಅವನು ಕೋದಂಡರಾಮಪ್ಪನನ್ನು ಕರೆದು, ಊರಿನ ಮೈಕು ಊರಿನ ಮನುಷ್ಯನ ಬಗ್ಗೆಯೂ ನಾಲ್ಕು ಒಳ್ಳೆ ಮಾತಾಡಲಿ ಎಂದು ಒಂದು ಹಾಳೆ ಕೊಟ್ಟ. ಬರೆದವರು ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಸ್ಕೂಲು ಮೇಷ್ಟ್ರು. ಅವರಿಗೆ ತೆಲುಗಿನ ಒಂದಕ್ಷರ ಬಾರದು. ಅಶ್ವತ್ಥಪ್ಪ ತನ್ನ ಹೆಸರು ಎಷ್ಟು ಸಲ ಬಂದಿದೆ ಎಂದು ನೋಡಿದನೇ ಹೊರತು ಪೂರ್ತಿ ಓದಲಿಲ್ಲ.

ಮಾರನೆಯ ಬೆಳಗ್ಗೆ ಕೋದಂಡರಾಮಪ್ಪ ಎಂದೂ ಇಲ್ಲದಷ್ಟು ಭಕ್ತಿಯಿಂದ ಓದಿದ. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. "ಮಾನ್ಯ ಅಶ್ವತ್ಥಪ್ಪನವರ ಸೇವೆಯ ಕಂಪು..." ಎಂದವನು ಅಲ್ಲಿಗೆ ನಿಲ್ಲಿಸಿ, ಮೈಕಿಗೆ ಮೂಗು ಒಡ್ಡಿ, ಉದ್ದಕ್ಕೆ ಒಂದು ಸಲ ಉಸಿರೆಳೆದುಕೊಂಡ. ಆಮೇಲೆ "...ಸುತ್ತಲ ಹಳ್ಳಿಗಳಿಗೆಲ್ಲ ಹರಡಿದೆ" ಎಂದು ಮುಗಿಸಿದ.

ಕನ್ನಡದಲ್ಲಿ ಕಂಪೆಂದರೆ ಸುವಾಸನೆ. ತೆಲುಗಿನಲ್ಲಿ ಕಂಪೆಂದರೆ ನಾತ.

ಸಾಲಿನ ಮುಂದಿದ್ದ ಮುದುಕಿ ಚಿಕ್ಕಗಂಗಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅವುನಪ್ಪಾ, ಇಕ್ಕಡಿದಾಕಾ ವಸ್ತಾ ಉಂದಿ" ಎಂದಳು. ಹೌದಪ್ಪಾ, ಇಲ್ಲೀತನಕ ಬರ್ತಾ ಐತೆ ಎಂದು. ಹಾಲು ತುಳುಕುವ ಹಾಗೆ ಜನ ನಕ್ಕರು. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಶ್ವತ್ಥಪ್ಪ ನಗಲಿಲ್ಲ. ಎದ್ದು ಒಳಗೆ ಹೋದ.

ಮರುದಿನ ಮೈಕು ಪೆಟ್ಟಿಗೆಯೊಳಗಿತ್ತು, ಪೆಟ್ಟಿಗೆಗೆ ಬೀಗ ಬಿದ್ದಿತ್ತು. ಕಾರಣ ಕೇಳಿದರೆ ಕಾರ್ಯದರ್ಶಿ ರಾಮಚಂದ್ರಪ್ಪ ರಿಪೇರಿ ಎಂದ. ಕೋದಂಡರಾಮಪ್ಪ ಬರೀ ಬಾಯಲ್ಲೇ ಪೇಪರು ಓದಲು ಶುರುಮಾಡಿದ. ನಿನ್ನೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಮುಖಗಳೆಲ್ಲ ಇವತ್ತು ತಂತಮ್ಮ ಕ್ಯಾನಿನೊಳಗೆ ಏನೋ ಹುಡುಕುತ್ತಿದ್ದವು. ಮೂರನೆಯ ಸುದ್ದಿಗೆ ಅವನ ದನಿ ಸೋತಿತು. ಪೇಪರು ಮಡಚಿ ಚಪ್ಪಡಿಯಿಂದ ಇಳಿದು ಹೋದ. ಇರು ಎಂದವರಿಲ್ಲ.

ಅದೇ ಹೊತ್ತಿಗೆ ಗಂಗರತ್ನಮ್ಮನ ಸರದಿ ಬಂತು. ರಾಮಚಂದ್ರಪ್ಪ ಅವಳ ಹಾಲಿಗೆ ಗಟ್ಟಿತನ ಅಳೆಯುವ ಗಾಜಿನ ಕಡ್ಡಿ ಬಿಟ್ಟು, ಕಡ್ಡಿಯನ್ನು ಸರಿಯಾಗಿ ನೋಡದೆಯೇ, "ಡಿಗ್ರಿ ಇಲ್ಲ. ತಗೊಂಡೋಗಮ್ಮ" ಎಂದ. ಅವಳ ಹಾಲಿಗೆ ಹಿಂದೆ ಯಾವತ್ತೂ ಆ ಮಾತು ಬಂದಿರಲಿಲ್ಲ. ಸಂಜೆಯೂ ವಾಪಸ್ಸು. ಮಾರನೆಯ ದಿನವೂ. ರೇಷ್ಮೆ ಹುಳು ಎರಡು ಬೆಳೆ ಕೈಕೊಟ್ಟಿತ್ತು. ಆ ಮನೆಯ ಅಕ್ಕಿ, ಸೋಪು, ಮಗುವಿನ ಔಷಧಿ ಎಲ್ಲವೂ ಒಂದು ಹಸುವಿನ ಕೆಚ್ಚಲಿನಿಂದ ಬರಬೇಕಿತ್ತು. ಊರಿನಲ್ಲಿ ಡೇರಿ ಬಿಟ್ಟರೆ ಹಾಲು ಕೊಳ್ಳುವವರಿಲ್ಲ. ಮೂರು ದಿನದ ಹಾಲು ಮೊಸರಾಯಿತು, ಮಜ್ಜಿಗೆಯಾಯಿತು, ಕೊನೆಗೆ ಹಸುವಿನ ಕಲಗಚ್ಚಿಗೆ ಹೋಯಿತು.

ಅಶ್ವತ್ಥಪ್ಪ ಹೇಳಿಕಳಿಸಿದ: ಕೋದಂಡರಾಮಪ್ಪ ಸಾಲಿನ ಮುಂದೆ ನಿಂತು ತಪ್ಪಾಯ್ತು ಅನ್ನಲಿ, ಹಾಲಿನ ಡಿಗ್ರಿ ತಾನಾಗಿ ಏರುತ್ತದೆ.

"ಬರ್ದಿದ್ದು ಓದಿದ್ದೀನಿ. ನಂದೇನು ತಪ್ಪು?" ಎಂದ ಕೋದಂಡರಾಮಪ್ಪ.

"ಮೂಗು ಎಳೆದಿದ್ದು? ಅದೂ ಹಾಳೇಲಿ ಬರ್ದಿತ್ತಾ?"

"ನೆಗಡಿ ಕಣೇ."

"ನಿಮ್ಗೆ ನೆಗಡಿ, ನನ್ ಹಾಲಿಗೆ ಕಾಯಿಲೆ" ಎಂದಳು ಅವಳು. ಅವನ ಮುಂದಿದ್ದ ಮುದ್ದೆಯ ತಟ್ಟೆಗೆ ಸಾರು ಬಿಡದೆ ಎದ್ದು ಹೋದಳು. ಅಶ್ವತ್ಥಪ್ಪನ ಕೊಬ್ಬಿಗೂ ಇವನ ನಾಲಗೆಗೂ ನಡುವೆ ಸಿಕ್ಕಿದ್ದು ತನ್ನ ಕ್ಯಾನು. ಇಬ್ಬರಲ್ಲಿ ಯಾರನ್ನು ಮೊದಲು ಬಯ್ಯಬೇಕೋ ತಿಳಿಯದೆ, ಮಗುವನ್ನು ಸೊಂಟಕ್ಕೇರಿಸಿಕೊಂಡು ಮೂರನೆಯವರ ಮನೆಗೆ ಹೋದಳು.

ಚಿಕ್ಕಗಂಗಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗಂಗರತ್ನಮ್ಮ ನಿಂತಲ್ಲೇ ಎಲ್ಲವನ್ನೂ ಅಂದಳು: ಹಲ್ಲಿಲ್ಲದ ಬಾಯಿಗೆ ಮಾತು ಯಾಕೆ, ನಗಿಸಿದವರ ಮನೆಯ ಹಾಲಿಗೆ ಕುತ್ತು, ನಕ್ಕವರ ಮನೆಯ ಹಾಲು ಸಲೀಸಾಗಿ ಹೋಗುತ್ತದೆ. ಮುದುಕಿ ಮಗುವಿನ ಕೈಗೊಂದು ಎಳೆ ಅವರೆಕಾಯಿ ಕೊಟ್ಟು, "ನನ್ ಮೂಗಿಂದಾನೇ ಆಗಿದ್ದು, ಒಪ್ಕೊಂಡೆ. ಈಗೇನ್ ಮಾಡಾಣ ಹೇಳಮ್ಮಯ್ಯ" ಎಂದಳು.

ಬಯ್ಯಲು ಬಂದವಳಿಗೆ ಬಯ್ಗುಳ ಮುಗಿದಿತ್ತು. ಮೂಲೆಯಲ್ಲಿ ತೊಳೆದು ಬೋರಲು ಹಾಕಿದ್ದ ಮುದುಕಿಯ ಕ್ಯಾನು ಕಣ್ಣಿಗೆ ಬಿತ್ತು.

"ಅವ್ವಾ, ನಿಮ್ ಹಾಲು ನಂಗೆ ಕೊಡ್ರಿ. ನನ್ದು ನೀವು ಹಾಕ್ರಿ" ಎಂದಳು.

ಮರುದಿನ ಬೆಳಗ್ಗೆ ಅದೇ ಹಿತ್ತಲಲ್ಲಿ ಹಾಲು ಅದಲುಬದಲಾಯಿತು. ಡೇರಿಯ ಸಾಲಿನಲ್ಲಿ ಮುದುಕಿ ಮುಂದೆ, ಗಂಗರತ್ನಮ್ಮ ಅವಳ ಹಿಂದೆ. ರಾಮಚಂದ್ರಪ್ಪ ಕಡ್ಡಿ ಬಿಟ್ಟು, ಚಿಕ್ಕಗಂಗಮ್ಮನ ಹಾಲು ಅಂದರೆ ಹಾಲು ಎಂದು ಎಲ್ಲರಿಗೂ ಕೇಳುವಂತೆ ಹೊಗಳಿ, ದೊಡ್ಡ ಕ್ಯಾನಿಗೆ ಸುರಿದುಕೊಂಡ. ಮುಂದಿನ ಕ್ಯಾನಿಗೆ ಅದೇ ಕಡ್ಡಿ.

"ಡಿಗ್ರಿ ಇಲ್ಲ."

"ಇನ್ನೊಂದ್ ಸಲ ನೋಡಣ್ಣ."

"ನೂರ್ ಸಲ ನೋಡಿದ್ರೂ ನೀರು ನೀರೇ."

ಗಂಗರತ್ನಮ್ಮ ಹಿಂದಕ್ಕೆ ತಿರುಗಿದಳು. ಮೈಕು ಇರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. "ಎಲ್ರೂ ಕೇಳುಸ್ಕೊಂಡ್ರಲ್ಲ? ಈ ನೀರು ಚಿಕ್ಕಗಂಗಮ್ಮನ ಹಸುವಿಂದು. ಈಗ ಹೊಗಳ್ಕೊಂಡು ಸುರ್ಕೊಂಡಿದ್ದು ನನ್ ಹಾಲು."

ಯಾರೂ ನಗಲಿಲ್ಲ. ಸಾಲಿನಲ್ಲಿ ಒಬ್ಬೊಬ್ಬರೂ ತಮ್ಮ ಹಾಲು ವಾಪಸ್ಸು ಬಂದ ದಿನಗಳನ್ನು ನೆನೆಸಿಕೊಳ್ಳತೊಡಗಿದ್ದು ಮುಖದಲ್ಲೇ ಕಾಣುತ್ತಿತ್ತು. ಮುನಿರಾಮಪ್ಪ ಎಂಬ ಸಾಧು ಮನುಷ್ಯ, ಸುಗ್ಗಿಯಲ್ಲಿ ತನ್ನ ಹಾಲು ಒಂದು ವಾರ ವಾಪಸ್ಸು ಬಂದಿತ್ತು, ಅದು ಯಾಕೆಂದು ಮೆತ್ತಗೆ ಕೇಳಿದ. ಆ ವಾರ ಅವನು ಅಶ್ವತ್ಥಪ್ಪನ ಗದ್ದೆಗೆ ಕೂಲಿಗೆ ಹೋಗಿರಲಿಲ್ಲವಂತೆ. ಅವನ ಹಿಂದಿನವನು ಕೆಮ್ಮಿದ. ಸಾಲು ಸಾಲಾಗಿ ಉಳಿಯದೆ ಮೇಜಿನ ಸುತ್ತ ಒತ್ತರಿಸಿಕೊಂಡು ಬಂತು.

ಕುರ್ಚಿಯಿಂದ ಅಶ್ವತ್ಥಪ್ಪನ ದನಿ ಬಂತು. "ಹಾಕ್ಕಳಯ್ಯ." ಅವನು ಗಂಗರತ್ನಮ್ಮನನ್ನು ನೋಡಿದ ನೋಟದಲ್ಲಿ ಕ್ಷಮೆಯೇನೂ ಇರಲಿಲ್ಲ. ಅವಳೂ ಅದನ್ನು ಕೇಳಿರಲಿಲ್ಲ. ಕ್ಯಾನು ಖಾಲಿಯಾಗುವವರೆಗೂ ನಿಂತಿದ್ದು, ಪುಸ್ತಕದಲ್ಲಿ ಬರೆಸಿಕೊಂಡು ಮನೆಗೆ ಬಂದಳು.

ಕೋದಂಡರಾಮಪ್ಪನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮೂರು ದಿನದಿಂದ ಸತ್ತಿದ್ದ ಮುಖಕ್ಕೆ ಜೀವ ಬಂದಿತ್ತು. ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ನಿಂತು ಇದನ್ನು ಹೇಳುತ್ತೇನೆ, ಮೈಕು ಹಾಳಾಗಿ ಹೋಗಲಿ, ಶ್ರೀನಿವಾಸಪುರದವರೆಗೂ ಕೇಳಿಸುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡ.

"ಇದು ನನ್ ಮಾತು. ನಿಮ್ ಬಾಯಲ್ಲಿ ಬರಕೂಡದು" ಎಂದಳು ಗಂಗರತ್ನಮ್ಮ. "ನೀವು ಹೇಳಿದ್ರೆ ನಾಳೆ ಮತ್ತೆ ಡಿಗ್ರಿ ಇಳೀತದೆ. ಸಂಜೆ ಹಾಲು ನೀವು ಹೊತ್ಕೊಂಡೋಗ್ರಿ. ಸಾಲಲ್ಲಿ ನಿಂತ್ಕೊಳ್ರಿ."

ಅವನು ಅವಳ ಮುಖ ನೋಡಿದ, ಮಗುವನ್ನು ನೋಡಿದ. ಚಪ್ಪಲಿ ಬಿಟ್ಟ.

ಸಂಜೆ ಗಂಗರತ್ನಮ್ಮ ದೂರದ ಹುಣಸೆ ಮರದಡಿ ಮಗುವಿನ ಜೊತೆ ನಿಂತು ನೋಡಿದಳು. ಮೇಜಿನ ಹಿಂದೆ ಕೂತ ರಾಮಚಂದ್ರಪ್ಪ ತಲೆಯೆತ್ತದೆ, ಗುರುತೇ ಇಲ್ಲದವನ ಹಾಗೆ ನಂಬರು ಕೇಳುತ್ತಿದ್ದ. ಕೋದಂಡರಾಮಪ್ಪನ ಮುಂದೆ ಇನ್ನೂ ಮೂವರಿದ್ದರು. ಹಿಂದೆ ನಿಂತವನು ಅವನ ಬೆನ್ನಿಗೆ ಕ್ಯಾನು ತಾಗಿಸಿ ಕೇಳಿದ: "ಏನ್ ಕೋದಂಡ್ರಾಮಪ್ಪಾ, ಇವತ್ತೇನೂ ಸುದ್ದಿ ಇಲ್ವಾ?"

ಅವನ ಬಾಯಿ ತೆರೆಯಿತು. ಗಂಗರತ್ನಮ್ಮ ಮಗುವನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿಕೊಂಡಳು, ಕಣ್ಣು ತೆಗೆಯಲಿಲ್ಲ. ಕೋದಂಡರಾಮಪ್ಪ ಬಾಯಿ ಮುಚ್ಚಿಕೊಂಡು ಕ್ಯಾನನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಿದ.