ಎರಡನೆಯ ಅಲೆ

ರೋಣದ ಪೇಟೆಯಲ್ಲಿ ಗಾದಿ ಹೊಲಿಯುತ್ತಿದ್ದ ಮದರಸಾಬ ನದಾಫರ ಮಗಳು ಬದರುನ್ನಿಸಾ ಸಮುದ್ರವನ್ನು ಮೊದಲ ಸಲ ಕಂಡಾಗ ಅವಳಿಗೆ ಇಪ್ಪತ್ತಮೂರು ವರ್ಷ. ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಕರಾವಳಿಯ ಒಂದು ಸಂಶೋಧನಾ ಸಂಸ್ಥೆಗೆ ಸೇರಿದ್ದಳು. ದೂರದಲ್ಲಿ ಹುಟ್ಟಿದ ಅಲೆ ತೀರಕ್ಕೆ ಬರುವಷ್ಟರಲ್ಲಿ ಎಷ್ಟು ಎತ್ತರ ಏರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ.

"ಅಲಿ ಎಣಸೂದೂ ಒಂದ ನೌಕರಿ ಏನವಾ?" ಎಂದು ಮದರಸಾಬರು ನಗುತ್ತಿದ್ದರು. ನಗದೆ ಕೇಳುತ್ತಿದ್ದವರು ಅವರ ತಮ್ಮ ಅಲ್ಲಾವುದ್ದೀನ ಒಬ್ಬರೇ. ಅವರದು ಕೊಣ್ಣೂರಿನಲ್ಲಿ ಮಲಪ್ರಭೆಯ ದಂಡೆಗೆ ಒಕ್ಕಲುತನ. ಹೆಣ್ಣುಮಗಳಿಗೆ ಇಷ್ಟು ಓದು ಯಾಕೆ ಎಂದು ಮಂದಿ ಆಡಿಕೊಂಡಾಗ, ಅವಳ ಟ್ರಂಕು ಹೊತ್ತುಕೊಂಡು ಧಾರವಾಡದ ಹಾಸ್ಟೆಲಿನ ತನಕ ಹೋಗಿ ಬಿಟ್ಟು ಬಂದವರು ಈ ಕಾಕಾನೇ.

೨೦೦೪ರ ಡಿಸೆಂಬರಿನಲ್ಲಿ ಸುನಾಮಿ ಬಂತು. ಎರಡು ವಾರ ಕಳೆದ ಮೇಲೆ ಸಂಸ್ಥೆ ನಾಲ್ವರನ್ನು ತಮಿಳುನಾಡಿನ ತೀರಕ್ಕೆ ಕಳಿಸಿತು. ಅವರಲ್ಲಿ ಬದರುನ್ನಿಸಾ ಕಿರಿಯಳು. ಗೋಡೆಗಳ ಮೇಲೆ ನೀರು ಬಿಟ್ಟುಹೋದ ಗುರುತು ಹುಡುಕಿ ಅಳೆಯಬೇಕು. ಬದುಕಿ ಉಳಿದವರನ್ನು ಕಂಡು ಅಲೆ ಎಷ್ಟು ಬಂದವು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು ಎಂದು ಕೇಳಿ ಬರೆದುಕೊಳ್ಳಬೇಕು. ಗೋಡೆ ಅಳೆಯುವುದು ಸುಲಭವಿತ್ತು. ಮೊದಲ ದಿನ ಅವಳು ಒಬ್ಬರನ್ನೂ ಮಾತಾಡಿಸಲಾರದೆ ಹೋದಳು.

ಎರಡನೆಯ ದಿನ ಮೀನುಗಾರರ ಒಂದು ಹಳ್ಳಿಯಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬಳು ತಾನಾಗಿಯೇ ಕರೆದು ಕೂರಿಸಿಕೊಂಡಳು. ಅಲ್ಲಿಯ ಕಾಲೇಜಿನ ಹುಡುಗಿಯೊಬ್ಬಳು ಅವಳ ತಮಿಳನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಮೊದಲ ಅಲೆಯಲ್ಲಿ ಅವಳ ಗಂಡನಿಗೆ ಏನೂ ಆಗಿರಲಿಲ್ಲ. ಎಲ್ಲರ ಜೊತೆ ಓಡಿ ರಸ್ತೆ ಹತ್ತಿದ್ದ. ನೀರು ಇಳಿಯಿತು. ಬಲೆ ತರುತ್ತೇನೆಂದು ತಿರುಗಿ ಹೋದ. ಅವನ ಹಿಂದೆ ಇನ್ನೂ ಹತ್ತಾರು ಜನ ಹೋದರು. ಆಮೇಲೆ ಬಂದದ್ದು ದೊಡ್ಡ ಅಲೆ.

"ಹೋಗಬೇಡ ಅಂತ ಯಾರೂ ಹೇಳಲಿಲ್ಲ," ಎಂದಳು ಹೆಂಗಸು. "ನನಗೂ ಹೇಳಬೇಕು ಅಂತ ತಿಳಿಯಲಿಲ್ಲ."

ಅಲೆಗಳ ನಡುವಿನ ಅಂತರ ಸುಮಾರು ಅರ್ಧ ಗಂಟೆ ಎಂದು ಬದರುನ್ನಿಸಾ ಬರೆದುಕೊಂಡಳು. ಹೆಂಗಸಿನ ಉಳಿದ ಮಾತಿಗೆ ಆ ಫಾರ್ಮಿನಲ್ಲಿ ಜಾಗವಿರಲಿಲ್ಲ.

ಮುಂದಿನ ನಾಲ್ಕು ವರ್ಷ ಅವಳು ಅದೊಂದನ್ನೇ ಹಿಡಿದು ಕೂತಳು. ಸುನಾಮಿಯ ಎರಡನೆಯ, ಮೂರನೆಯ ಅಲೆ ಕೆಲವು ಕಡೆ ಮೊದಲಿನದಕ್ಕಿಂತ ಯಾಕೆ ದೊಡ್ಡದಾಗುತ್ತದೆ? ತೀರಕ್ಕೆ ಬಡಿದು ಹಿಂದೆ ಸರಿದ ನೀರು ಪೂರ್ತಿ ಹೋಗಿಬಿಡುವುದಿಲ್ಲ. ಕಡಲಡಿಯ ಇಳಿಜಾರಿನಲ್ಲಿ ಬಾಗಿ ಮತ್ತೆ ದಂಡೆಗೇ ತಿರುಗುತ್ತದೆ, ಹಿಂದಿನಿಂದ ಬರುವ ಅಲೆಯೊಡನೆ ಕೂಡಿಕೊಳ್ಳುತ್ತದೆ. ಯಾವ ತೀರದಲ್ಲಿ ಎಷ್ಟು ಹೊತ್ತು ಈ ಅಪಾಯ ಇರುತ್ತದೆ ಎಂಬುದೇ ಅವಳ ಪಿಎಚ್.ಡಿ.

೨೦೦೯ರಲ್ಲಿ ರಮ್ಜಾನಿಗೆ ಊರಿಗೆ ಬಂದವಳು ಸೆಪ್ಟೆಂಬರ್ ಕೊನೆಗೆ ಕಾಕಾನನ್ನು ನೋಡಲು ಕೊಣ್ಣೂರಿಗೆ ಹೋದಳು. ಮರುದಿನದಿಂದ ಮಳೆ ಹಿಡಿಯಿತು. ಮೂರನೆಯ ದಿನ ಸೇತುವೆ ಮುಳುಗಿತು. ಓಣಿಗೆ ಹೊಳೆ ನುಗ್ಗಿ, ಜನರೆಲ್ಲ ಎತ್ತರದಲ್ಲಿದ್ದ ಸಾಲೆಗೆ ಹೋದರು. ಇನ್ನೊಂದು ಬೆಳಗಾಗುವಷ್ಟರಲ್ಲಿ ಮಳೆ ನಿಂತಿತ್ತು. ಓಣಿಯ ನೀರು ಮೊಣಕಾಲಿಗೆ ಇಳಿದಿತ್ತು.

ಅಲ್ಲಾವುದ್ದೀನರು ಅವಳ ಹತ್ತಿರ ಬಂದು ಕೂತರು.

"ಬದರೂ, ಮಾಳಿಗಿ ಮ್ಯಾಲೆ ಎರಡು ಆಡು ಅದಾವು. ನಿನ್ನಿಯಿಂದ ಹೊಟ್ಟಿಗೇನೂ ಇಲ್ಲ. ಹೋಗಿ ಬರ್ಲೇನು? ನೀರು ಮತ್ತ ಬರತೈತೇನು?"

ಅವಳು ಯೋಚಿಸಿದಳು. ಮೇಲಿನ ಊರುಗಳಲ್ಲಿ ಎಷ್ಟು ಮಳೆ ಬಿದ್ದಿದೆ, ಹೊಳೆ ಎಷ್ಟು ಹೊರುತ್ತದೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಬಾರದೆಂದೇ ಕಲಿತಿದ್ದವಳು ಅವಳು.

"ಖಾತ್ರಿ ಹೇಳಾಕ ಬರಂಗಿಲ್ಲ ಕಾಕಾ. ನಾ ಓದಿದ್ದು ಸಮುದ್ರದ್ದು. ಇದು ಹೊಳಿ."

"ಅಂದ್ರ ಬರದನೂ ಇರಬಹುದು."

"ಇರಬಹುದು."

"ಹಂಗಾರ ಲಗೂನ ಬಂದಬಿಡ್ತೀನಿ." ಲುಂಗಿ ಎತ್ತಿ ಕಟ್ಟಿಕೊಂಡು ಅವರು ಇಳಿದು ಹೋದರು.

ಮುಕ್ಕಾಲು ಗಂಟೆಯಲ್ಲಿ, ಅವರು ಮಾಳಿಗೆಯಿಂದ ಇಳಿದು ಓಣಿಯಲ್ಲಿ ಬರುತ್ತಿದ್ದಾಗ, ಮೇಲಿನಿಂದ ಮತ್ತೆ ನೀರು ಬಂತು. ಸದ್ದು ಮಾಡಲಿಲ್ಲ, ಓಣಿಯ ಎರಡೂ ತುದಿಯಿಂದ ಏರುತ್ತಾ ಬಂತು. ಸಾಲೆಯ ಕಟ್ಟೆಯಲ್ಲಿ ನಿಂತು ಅವಳು ಗಂಟಲು ಹರಿಯುವ ಹಾಗೆ ಕೂಗಿದಳು. ನಾಲ್ಕು ಗಂಡಸರು ಹಗ್ಗ ಹಿಡಿದು ಅರ್ಧ ದಾರಿಗೆ ಹೋಗಿ ಎದೆಮಟ್ಟದ ಸೆಳವಿನಲ್ಲಿ ನಿಲ್ಲಲಾರದೆ ಮರಳಿದರು.

ಅದಾದ ನಾಲ್ಕನೆಯ ದಿನ ಎರಡು ಮೈಲಿ ಕೆಳಗೆ ಜಾಲಿಕಂಟಿಯಲ್ಲಿ ಹೆಣ ಸಿಕ್ಕಿತು. ನೀರು ಮಾಳಿಗೆಗೆ ಏರಿರಲಿಲ್ಲ. ಆಡುಗಳು ಬದುಕಿದ್ದವು.

ಮಣ್ಣು ಮಾಡಿದ ಮೂರನೆಯ ದಿನ, ಬಂದವರೆಲ್ಲ ಎದ್ದು ಹೋದ ಮೇಲೆ, ಕಾಕಾನ ಹೆಂಡತಿ, ಚಿಗವ್ವ ಖಾಜಾಬಿ ಕೇಳಿದಳು: "ನೀ ಬ್ಯಾಡ ಅಂದಿದ್ರ ಅವರು ನಿಂದರತಿದ್ರೇನವಾ?"

ಅದನ್ನೂ ಖಾತ್ರಿ ಹೇಳಲು ಬರುವಂತಿರಲಿಲ್ಲ. ಬದರುನ್ನಿಸಾ ಹೇಳಿದಳು: "ನಿಂದರತಿದ್ರು ಚಿಗವ್ವಾ. ನನ್ನ ಮಾತು ಕೇಳತಿದ್ರು."

ಖಾಜಾಬಿ ಎದ್ದು ಆಡುಗಳಿಗೆ ಸೊಪ್ಪು ಹಾಕಲು ಹೋದಳು. ಬೈಯಲಿಲ್ಲ, ಅಳಲಿಲ್ಲ. ಬಕ್ರೀದಿಗೆ ಬದರುನ್ನಿಸಾ ಮತ್ತೆ ಹೋದಾಗ ನೆರೆ ಬಂದವರಿಗೆ ಸರಕಾರ ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ ಕೂರಿಸಿ ಚಹಾ ಕೊಟ್ಟಳು. ಒಂದು ಮಾತೂ ಆಡಲಿಲ್ಲ.

ಆ ಡಿಸೆಂಬರಿನಲ್ಲಿ ಸಂಸ್ಥೆಯಲ್ಲಿ ಒಂದು ಸಭೆಯಾಯಿತು. ಮೀನುಗಾರರ ಹಳ್ಳಿಗಳಿಗೆ ಕಳಿಸುವ ಎಚ್ಚರಿಕೆಯ ಕರಡು ಎಲ್ಲರ ಮುಂದಿತ್ತು. ಮೊದಲ ಅಲೆಯ ನಂತರ ಇನ್ನಷ್ಟು ಅಲೆಗಳು ಬರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು ಎಂದು ಅದರಲ್ಲಿತ್ತು. ಬದರುನ್ನಿಸಾ ಎದ್ದು ನಿಂತಳು.

"ಇದನ್ನು ಓದಿದವನು ಬಲೆ ತರಲು ಹೋಗುತ್ತಾನೆ. ಹೋಗಬೇಡಿ ಎಂದು ಬರೆಯಿರಿ. ನಾವು ಹೇಳುವ ತನಕ ದಂಡೆಗೆ ಬರಬೇಡಿ ಎಂದು ಬರೆಯಿರಿ."

"ಖಚಿತವಿಲ್ಲದೆ ಹೇಗೆ ಬರೆಯುವುದು?" ಎಂದರು ಹಿರಿಯ ವಿಜ್ಞಾನಿಯೊಬ್ಬರು. "ಅಲೆ ಬಾರದೆ ಹೋದರೆ ಮುಂದಿನ ಸಲ ನಮ್ಮನ್ನು ಯಾರು ನಂಬುತ್ತಾರೆ?"

ಆ ಪ್ರಶ್ನೆ ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. "ಬೈಯುವುದಕ್ಕೆ ಅವರು ಬದುಕಿರುತ್ತಾರೆ ಸರ್," ಎಂದಳು. ಕೊಣ್ಣೂರಿನ ಸುದ್ದಿಯನ್ನು ಅವಳು ಅಲ್ಲಿ ಯಾರಿಗೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ.

ವಾದ ಸಂಜೆಯ ತನಕ ನಡೆಯಿತು. ಕೊನೆಗೆ ಮುಖ್ಯಸ್ಥರು ಅವಳ ವಾಕ್ಯವನ್ನು ಸೇರಿಸಲು ಒಪ್ಪಿದರು, ಪತ್ರದ ಕೊನೆಗೆ, ಸಣ್ಣ ಅಕ್ಷರದಲ್ಲಿ. ಅದು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇರಬೇಕೆಂದು ಬದರುನ್ನಿಸಾ ಮರುದಿನ ಅರ್ಜಿ ಬರೆದು ಕೊಟ್ಟಳು.