ಹತ್ತರಲ್ಲಿ ಒಂದೇ ಪುಸ್ತಕ ಓದಿದ ಮ್ಯಾನೇಜರ್

ಪುಣೆಯ ಹಿಂಜವಾಡಿಯ ಕಂಪನಿಯೊಂದರಲ್ಲಿ ನಾನು ಮ್ಯಾನೇಜರ್ ಆದ ವರ್ಷ, ಎಚ್‌ಆರ್‌ನವರಿಂದ ಎಲ್ಲ ಮ್ಯಾನೇಜರುಗಳಿಗೂ ಒಂದು ಮೇಲ್ ಬಂತು. ನಾಯಕರಾಗುವವರು ಓದಲೇಬೇಕಾದ ಹತ್ತು ಪುಸ್ತಕಗಳ ಪಟ್ಟಿ. ಮೂರು ತಿಂಗಳ ಗಡುವು. ಆಮೇಲೆ ಒಬ್ಬೊಬ್ಬರೂ ಡೈರೆಕ್ಟರ್ ಎದುರು ಹತ್ತು ನಿಮಿಷ ಮಾತಾಡಬೇಕು. ಹತ್ತೂ ಇಂಗ್ಲಿಷ್ ಪುಸ್ತಕಗಳು, ಹತ್ತೂ ದಪ್ಪ. ನಾನು ಮೊದಲನೆಯದರ ನಲವತ್ತು ಪುಟ ಓದಿ, ಉಳಿದವುಗಳ ಸಾರಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿಕೊಂಡೆ.

ಆ ಮೇಲ್ ಬಂದವರಲ್ಲಿ ಟ್ರಾನ್ಸ್‌ಪೋರ್ಟ್ ವಿಭಾಗದ ಮ್ಯಾನೇಜರ್ ಕೂಡ ಒಬ್ಬರು. ಐವತ್ತು ದಾಟಿದ ಹೆಂಗಸು. ವಿಜಯಪುರದ ಕಡೆಯವರು, ಮದುವೆಯಾಗಿ ದೇಹೂ ರೋಡಿಗೆ ಬಂದಿದ್ದರು. ಕ್ಯಾಬ್ ಬುಕಿಂಗಿನ ಫೋನ್ ಎತ್ತುವ ಕೆಲಸಕ್ಕೆ ಸೇರಿ, ಕಂಪನಿಯ ಎಲ್ಲ ಬಸ್ಸು, ಕ್ಯಾಬುಗಳ ಉಸ್ತುವಾರಿ ನೋಡುವ ಮಟ್ಟಕ್ಕೆ ಬೆಳೆದವರು. ಡ್ರೈವರುಗಳು ಅವರನ್ನು ‘ತಾಈ’ ಅನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ತುಮಕೂರಿನಿಂದ ಹೋದ ನನಗೆ ಅದು ಬಹಳ ದಿನ ‘ತಾಯಿ’ ಎಂದೇ ಕೇಳಿಸುತ್ತಿತ್ತು.

ಬೆಳಿಗ್ಗೆ ನಾವಿಬ್ಬರೂ ಒಂದೇ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದೆವು. ಟ್ರಾಫಿಕ್ಕಿನ ಕೃಪೆಯಿಂದ ಓದಲು ಒಂದು ತಾಸು ಧಾರಾಳವಾಗಿ ಸಿಗುತ್ತಿತ್ತು. ಅವರು ಕಿಟಕಿ ಪಕ್ಕ ಕೂತು, ಪಟ್ಟಿಯ ಮೊದಲ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಓದುತ್ತಿದ್ದರು. ಕಲಿತದ್ದು ಕನ್ನಡ ಶಾಲೆಯಲ್ಲಾದ್ದರಿಂದ ಇಂಗ್ಲಿಷ್ ನಿಧಾನ. ಅರ್ಥವಾಗದ ಪದಕ್ಕೆ ಗೆರೆ ಎಳೆದು ನನ್ನನ್ನು ಕೇಳುತ್ತಿದ್ದರು.

“ಸರ್, ಈ ಎಂಪಥಿ ಅಂದ್ರ ಏನ್ರಿ? ಪುಟಕ್ಕ ನಾಕ್ ಸಲ ಬರ್ತದ.”

“ಬೇರೆಯವರು ನಿಂತಿರೋ ಜಾಗದಲ್ಲಿ ನಾವು ನಿಂತು ನೋಡೋದು ಮೇಡಂ,” ಎಂದೆ, ಮೊಬೈಲಿನಿಂದ ಕಣ್ಣೆತ್ತದೆ.

“ಖರೇನ ಹೋಗಿ ನಿಂದ್ರೂದೇನ್ರಿ?”

“ಅಯ್ಯೋ, ಹಾಗಲ್ಲ ಮೇಡಂ. ಮನಸ್ಸಿನಲ್ಲೇ.”

ಅವರು ಆ ಪದದ ಕೆಳಗೆ ಇನ್ನೊಂದು ಗೆರೆ ಎಳೆದರು. “ಮನಸ್ಸಿನ್ಯಾಗ ನಿಂತ್ರ ಕಾಲು ನೋಯೂದಿಲ್ಲಲ್ರಿ. ಮತ್ತ ಗೊತ್ತಾಗೂದು ಹ್ಯಾಂಗ?”

ನಾನು ನಕ್ಕು ಮೊಬೈಲಿಗೆ ಮರಳಿದೆ. ಅವರು ಅದನ್ನು ಅಷ್ಟಕ್ಕೇ ಬಿಡಲಿಲ್ಲ.

ಆಗ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ದೂರು: ಸಂಜೆ ನಾಲ್ಕರ ಬಸ್ಸುಗಳು ದಿನವೂ ತಡ. ತಡ ಮಾಡಿದ ಡ್ರೈವರುಗಳಿಗೆ ಮೆಮೊ ಹೋಗುತ್ತಿತ್ತು. ಸಹಿ ಈ ಮೇಡಂದೇ. ಅವತ್ತು ಅವರು ತಮ್ಮ ಕ್ಯಾಬಿನ್ನು ಬಿಟ್ಟು, ಕಾಂಪೌಂಡಿನ ಹಿಂದೆ ಬಸ್ಸುಗಳು ನಿಲ್ಲುವ ಬಯಲಿಗೆ ಹೋಗಿ ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ನಿಂತರು. ಏಪ್ರಿಲ್ ತಿಂಗಳು. ಒಂದು ಮರವಿಲ್ಲ. ಡ್ರೈವರುಗಳು ಗಾಡಿಯೊಳಗೆ ಕೂರಲು ಹೇಳಿದರೂ ಕೇಳಲಿಲ್ಲವಂತೆ.

ಮರುದಿನ ಬಸ್ಸಿನಲ್ಲಿ ಅವರ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಪುಸ್ತಕ ಚೀಲದಲ್ಲೇ ಇತ್ತು. ನನ್ನನ್ನು ಮೊದಲ ಬಾರಿಗೆ ತಮ್ಮಾ ಎಂದು ಕರೆದರು.

“ಎರಡು ತಾಸು ನಿಂತ ಮ್ಯಾಲ ನನಗ ಬಾತ್‌ರೂಮಿಗೆ ಹೋಗಬೇಕಾತು ತಮ್ಮಾ. ಗೇಟಿಗೆ ಹೋದೆ, ವಾಚ್‌ಮನ್ ಸಲಾಂ ಹೊಡದು ಒಳಗ ಬಿಟ್ಟ. ನನ್ನ ಹಿಂದ ಒಬ್ಬ ಡ್ರೈವರ್ ಬಂದಿದ್ದ. ಅವನ್ನ ಬಿಡಲಿಲ್ಲ. ನನ್ನ ಕೊರಳಾಗ ಕಾರ್ಡ್ ಅದ, ಅವನ ಕೊರಳಾಗ ಇಲ್ಲ.”

“ಹಾಗಾದರೆ ಅವರೆಲ್ಲ ಎಲ್ಲಿಗೆ ಹೋಗ್ತಾರೆ?”

“ಚೌಕದ ಆಚೆ ಪೆಟ್ರೋಲ್ ಪಂಪಿಗಿ. ಗಾಡಿ ತಗೊಂಡ ಹೋಗಬೇಕು. ಬರೂಮುಂದ ಟ್ರಾಫಿಕ್ಕಿನ್ಯಾಗ ಸಿಗತಾರ. ನಾಕರ ಬಸ್ಸು ತಡಾ ಆಗೂದು ಅದಕ್ಕ. ನಾನು ಇಷ್ಟು ದಿನ ಅವರಿಗೆ ಮೆಮೊ ಕೊಟ್ಕೋತ ಕುಂತೀನಿ.”

ಮುಂದಿನ ಎರಡು ದಿನವೂ ಅವರು ಬಯಲಿನಲ್ಲಿ ನಿಂತರು. ಡ್ರೈವರುಗಳ ಜೊತೆ ಅದೇ ಪೆಟ್ರೋಲ್ ಪಂಪಿಗೆ ಹೋಗಿ ಬಂದರು. ಆಮೇಲೆ ಕಟ್ಟಡದ ಉಸ್ತುವಾರಿ ಅಧಿಕಾರಿಯ ಬಳಿ ಮೂರು ಸಲ ಹೋದರು. ಡ್ರೈವರುಗಳು ಕಂಪನಿಯ ನೌಕರರಲ್ಲ, ಒಳಗೆ ಬಿಡಲು ನಿಯಮವಿಲ್ಲ ಎಂಬ ಒಂದೇ ಉತ್ತರ ಮೂರು ಸಲವೂ ಸಿಕ್ಕಿತು.

ಪುಸ್ತಕಗಳ ಬಗ್ಗೆ ಮಾತಾಡುವ ದಿನ ಬಂತು. ನಾನು ಇಪ್ಪತ್ತು ಸ್ಲೈಡು ತೋರಿಸಿ ಹತ್ತೂ ಪುಸ್ತಕಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿದೆ. ಚಪ್ಪಾಳೆ ಬಿತ್ತು. ಅವರ ಸರದಿ ಬಂದಾಗ ಸ್ಲೈಡು ಇರಲಿಲ್ಲ. ಕೈಯಲ್ಲಿ ಪೆನ್ಸಿಲ್ ಗೆರೆಗಳಿಂದ ತುಂಬಿದ ಒಂದು ಪುಸ್ತಕ ಮಾತ್ರ. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ, ಬಯಲಿನಲ್ಲಿ ನಿಂತ ಮೂರು ದಿನಗಳ ಕತೆ ಹೇಳಿದರು. ಶೌಚಾಲಯ ಎಂಬ ಮಾತು ಬಂದಾಗ ಕೆಲವರು ತಲೆ ತಗ್ಗಿಸಿದರು. ಅವರು ತಗ್ಗಿಸಲಿಲ್ಲ.

ಉಳಿದ ಒಂಬತ್ತು ಪುಸ್ತಕ ಓದಿದಿರಾ ಎಂದು ಡೈರೆಕ್ಟರ್ ಕೇಳಿದರು.

ಇದನ್ನೇ ಇನ್ನೂ ಮುಗಿಸಿಲ್ಲ, ಗೇಟು ತೆರೆದ ದಿನ ಮುಗಿಯುತ್ತದೆ ಎಂದರು ಅವರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರು ಮುಂದುವರಿಸಿದರು: ಮೆಮೊಗಳಿಗೆ ಸಹಿ ಹಾಕಿದ್ದು ನಾನು, ಡ್ರೈವರುಗಳ ಕ್ಷಮೆ ಕೇಳಿದ್ದೇನೆ, ಫೈಲಿನಿಂದ ಅವನ್ನು ತೆಗೆಯಲು ತಮ್ಮ ಒಪ್ಪಿಗೆ ಬೇಕು.

ಡೈರೆಕ್ಟರ್ ನಗಲಿಲ್ಲ. ಊಟವಾದ ಮೇಲೆ ಅವರ ಜೊತೆ ಬಯಲಿಗೆ ನಡೆದುಕೊಂಡು ಹೋದರು. ಹದಿನೈದು ದಿನದಲ್ಲಿ ಡ್ರೈವರುಗಳಿಗೆ ಪಾಸು ಬಂತು, ನೆಲಮಹಡಿಯ ಶೌಚಾಲಯ ತೆರೆಯಿತು, ಬಯಲಿನಲ್ಲಿ ತಗಡಿನ ಚಪ್ಪರವೂ ಎದ್ದಿತು. ಮೆಮೊಗಳು ಫೈಲಿನಿಂದ ಹೊರಬಿದ್ದವು. ಸಂಜೆಯ ಬಸ್ಸುಗಳು ಬಹುಪಾಲು ಹೊತ್ತಿಗೆ ಸರಿಯಾಗಿ ಬರತೊಡಗಿದವು.

ನನಗೆ ಬಿದ್ದ ಚಪ್ಪಾಳೆ ನೆನೆದರೆ ಮೈ ಮುದುಡುತ್ತಿತ್ತು. ನನ್ನ ತಂಡದಲ್ಲಿ ಮೀಟಿಂಗಿನಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳಿದ್ದಳು. ಅವಳಿಗೆ ಆಸಕ್ತಿ ಸಾಲದು ಎಂದು ವರ್ಷದ ವರದಿಯ ಕರಡಿನಲ್ಲಿ ಬರೆದಿದ್ದೆ. ಒಂದು ದಿನ ಮೀಟಿಂಗಿನಲ್ಲಿ ನನ್ನ ಕುರ್ಚಿಗೆ ಬೇರೊಬ್ಬರನ್ನು ಕೂರಿಸಿ, ಮೇಜಿನ ತುದಿಯಲ್ಲಿದ್ದ ಅವಳ ಜಾಗದಲ್ಲಿ ಕೂತೆ. ತಲೆಯ ಮೇಲೆಯೇ ಎಸಿ ಗೊರಗುಟ್ಟುತ್ತಿತ್ತು. ಆಡಿದ ಮಾತಿನಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ.

“ನಿಂಗೆ ಇಷ್ಟು ದಿನ ಏನೂ ಕೇಳಿಸ್ತಾನೇ ಇರ್ಲಿಲ್ವಾ? ಹೇಳಬಾರದಿತ್ತಾ?” ಎಂದು ಆಮೇಲೆ ಅವಳನ್ನು ಕೇಳಿದೆ. ಅವಳು ಮೈಸೂರಿನವಳು.

“ಎರಡು ಸಲ ಹೇಳಿದ್ದೆ ಸರ್. ನೀವು ಲ್ಯಾಪ್‌ಟಾಪ್ ನೋಡ್ತಿದ್ರಿ,” ಎಂದಳು.

ವರದಿಯನ್ನು ತಿದ್ದಿ ಬರೆದೆ. ಮೇಜನ್ನೂ ಎಸಿಯಿಂದ ದೂರ ಸರಿಸಿದೆ. ಬಸ್ಸಿನಲ್ಲಿ ಇದನ್ನು ಹೇಳಿದಾಗ, “ಛಲೋ ಮಾಡಿದಿ ತಮ್ಮಾ,” ಎಂದಷ್ಟೇ ಅಂದು, ಅವರು ಪಟ್ಟಿಯ ಎರಡನೆಯ ಪುಸ್ತಕ ತೆರೆದರು.

ಈಗ ನಾನು ಬೇರೆ ಕಂಪನಿಯಲ್ಲಿದ್ದೇನೆ. ಅವರು ಅಲ್ಲೇ ಇದ್ದಾರೆ, ನಿವೃತ್ತಿಗೆ ಇನ್ನು ಸ್ವಲ್ಪವೇ ದಿನ. ಹೋದ ತಿಂಗಳು ಫೋನ್ ಮಾಡಿ, ಎಷ್ಟನೆಯ ಪುಸ್ತಕಕ್ಕೆ ಬಂದಿರಿ ಅಕ್ಕಾ ಎಂದು ಕೇಳಿದೆ.

“ನಾಕನೇದು. ಇದರಾಗ ಇರೂದನ್ನ ನಮ್ಮ ಡ್ರೈವರ್ ಮಂದಿಗಿ ಓದಿ ಹೇಳಿದೆ. ಯಾರಿಗೂ ಖರೇ ಅನಿಸಲಿಲ್ಲ. ಅದಕ್ಕ ಇದನ್ನ ಬಿಟ್ಟು ಐದನೇದು ಹಿಡೀತೀನಿ,” ಎಂದರು.