ಗೋರಿಯೊಳಗೆ ಉಕ್ಕಿದ ಹಾಲು

ನಿವೃತ್ತನಾಗುವ ಮೂರು ವರ್ಷ ಮೊದಲು ನಾನು ಬೀದರಿನಲ್ಲಿ ಸ್ಮಾರಕ ಸಂರಕ್ಷಣೆಯ ಎಂಜಿನಿಯರ್ ಆಗಿದ್ದೆ. ಭಾತಂಬ್ರಾ ಕಡೆಯ ಹೊಲಗಳ ನಡುವೆ ಇದ್ದ ಒಂದು ಹಳೆಯ ಗೋರಿಯ ದುರಸ್ತಿ ನನ್ನ ಪಾಲಿಗೆ ಬಂತು. ಒಳಗೆ ಮಲಗಿದ್ದ ದೊರೆ ಯಾರೆಂದು ಯಾವ ದಾಖಲೆಯಲ್ಲೂ ಇಲ್ಲ. ಆನೆ, ಕುದುರೆ, ಕೋಟೆ ಎಲ್ಲ ಇದ್ದವನಿಗೆ ಕೊನೆಗೆ ಹೆಸರೂ ದಕ್ಕಲಿಲ್ಲ.

ಕುರಿ ಸಾಕುವ ಮಾಳಮ್ಮನ ಮನೆತನದವರು ತಲೆಮಾರುಗಳಿಂದ ಮಳೆಗಾಲದಲ್ಲಿ ಆ ಗೋರಿಯೊಳಗೇ ಕುರಿ ಕೂಡಿಹಾಕುತ್ತಿದ್ದರು. ದೀಪಾವಳಿಗೆ ಅಲ್ಲೇ ಒಲೆ ಹೂಡಿ, ಹಾಲು ಉಕ್ಕಿಸಿ, ಮೊದಲ ಸೌಟನ್ನು ಸಮಾಧಿಗೆ ಎರೆದು ಮುದುಕಿ ಮಾಳಮ್ಮ ಹಾಡುತ್ತಿದ್ದಳು:

“ಆನಿ ಕಟ್ಟಿದ ಅಂಗಳದಾಗ ಕುರಿ ಕಟ್ಟೀನಿ ದೊರಿಯೇ,
ನಿನ್ನ ಪೈಕಿ ಯಾರೂ ಬರಲಿಲ್ಲ, ನಾ ಬಂದೀನಿ ದೊರಿಯೇ.”

ಅದನ್ನು ಕೇಳಿದ ದಿನ ಇನ್ನೊಮ್ಮೆ ಹಾಡಿಸಿಕೊಂಡಿದ್ದೆ.

ಆದರೆ ಗೋಡೆಯ ಗಾರೆಯಲ್ಲಿ ಫಾರಸಿ ಅಕ್ಷರಗಳಿದ್ದವು. ಒಲೆಯ ಹೊಗೆ, ಕುರಿಗಳ ಮೈಜಿಡ್ಡು ಸೇರಿ ಅವು ಸುಲಿದು ಬೀಳುತ್ತಿದ್ದವು. ಇನ್ನು ಮೇಲೆ ಒಳಗೆ ಬೆಂಕಿಯೂ ಬೇಡ, ಕುರಿಯೂ ಬೇಡ ಎಂದು ವರದಿ ಕೊಟ್ಟೆ. ಇವತ್ತು ಕೇಳಿದರೂ ಅದನ್ನೇ ಕೊಟ್ಟೇನು. ಗೋರಿಗೆ ಬೀಗ ಬಿತ್ತು, ಪಕ್ಕದಲ್ಲೇ ಕುರಿಗಳಿಗೆ ತಗಡಿನ ಶೆಡ್ ಎದ್ದಿತು. ಮಾಳಮ್ಮನ ಮಗನಿಗೆ ಖುಷಿಯೋ ಖುಷಿ. ಆಕೆ ಮಾತ್ರ ನನ್ನ ಬಳಿ ಬಂದು ಕೇಳಿದಳು:

“ಕುರಿಗೇನೋ ಜಾಗಾ ಆತ್ರಿ ಸಾಹೇಬ್ರ. ದೊರಿಗಿ ಹಾಲು ಯಾರು ಎರಿತಾರ್ರಿ?”

ಹಬ್ಬದ ದಿನ ನಾನೇ ಹೋಗಿ ಬೀಗ ತೆಗೆಸಿದೆ. ಹಾಲನ್ನು ಹೊರಗೆ ಕಾಯಿಸಿ ತಂದು ಎರೆದು ಹೋಗು ಎಂದೆ. ಆಕೆ ಒಪ್ಪಲಿಲ್ಲ. ದೊರೆಯ ಹಾಲು ದೊರೆಯ ಮನೆಯೊಳಗೇ ಉಕ್ಕಬೇಕು, ಹೊರಗೆ ಉಕ್ಕಿದ್ದು ಅವನಿಗೆ ಸಲ್ಲುವುದಿಲ್ಲ ಎಂಬುದು ಅವರ ಪದ್ಧತಿ. ಹಾಡಾದರೂ ಹಾಡು ಮಾಳಮ್ಮ ಎಂದು ಕೇಳಿಕೊಂಡೆ.

“ಹಾಲಿಲ್ಲದ ಹಾಡು ಹ್ಯಾಂಗ ಹಾಡ್ಲಿರಿ?” ಎಂದು ಖಾಲಿ ಗಡಿಗೆ ಎತ್ತಿಕೊಂಡು ಹೊರಟುಹೋದಳು. ಮರುವರ್ಷದ ಹಬ್ಬಕ್ಕೆ ಆಕೆ ಬದುಕಿರಲಿಲ್ಲ. ಸೊಸೆಗೆ ಆ ಹಾಡು ಬರುತ್ತಿರಲಿಲ್ಲ.

ಗೋಡೆ ಶುದ್ಧವಾದ ಮೇಲೆ ಫಾರಸಿ ಬಲ್ಲವರೊಬ್ಬರನ್ನು ಕರೆಸಿದೆವು. ಅಷ್ಟುದ್ದದ ಪದ್ಯದಲ್ಲಿ ಒಂದೇ ಒಂದು ಸಾಲು ಗಟ್ಟಿಯಾಗಿ ಉಳಿದಿತ್ತು. ಅವರು ಟಾರ್ಚ್ ಹಿಡಿದು ಓದಿ, ಅರ್ಥ ಹೇಳಿದರು: “ರಾಜ್ಯ ಹೋಯಿತು. ನನಗಾಗಿ ಅಳುವವರು ಇನ್ನೂ ಯಾರಾದರೂ ಇದ್ದೀರಾ?”

ಜೊತೆಯಲ್ಲಿದ್ದವರೆಲ್ಲ ವಾಹ್ ಎಂದರು. ನಾನು ಹೊರಗೆ ಬಂದು ನಿಂತೆ. ಬಹಳ ದುಃಖವಾಯಿತು. ದುರಸ್ತಿಗೆ ಹೋದ ಜಾಗದಲ್ಲಿ ಬಿರುಕು ಹುಡುಕುವ ಮೊದಲು, ಇಲ್ಲಿಗೆ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ಕೇಳಬೇಕು. ನೌಕರಿ ನನಗೆ ಕೊನೆಗೆ ಕಲಿಸಿದ್ದು ಇದನ್ನೇ. ಆ ದೊರೆಗೆ ಇನ್ನೂ ಒಬ್ಬಳು ಪ್ರಜೆ ಉಳಿದಿದ್ದಳು. ಈ ಸಾಲು ಉಳಿಯಲೆಂದು ನಾವು ಅವಳನ್ನು ಹೊರಗೆ ಕಳಿಸಿದ್ದೆವು.